ಸೀಸದ ಮುದ್ರೆ ಬಿದ್ದ ಸರ

ರಾತ್ರಿ ಹನ್ನೆರಡೂವರೆಗೆ ಅಡುಗೆಮನೆಯಿಂದ ‘ಟಿಣ್’ ಎಂದು ಸದ್ದು ಬಂತು. ಸ್ವಲ್ಪ ಹೊತ್ತು ಬಿಟ್ಟು ‘ಟಪ್’ ಎಂದಿತು. ಮತ್ತೆ ‘ಟಿಣ್’.

ನಾನು ಹೆದರುವ ಸ್ವಭಾವದವಳು. ಆದರೆ ಕ್ರಮವಾಗಿ ಹೆದರುತ್ತೇನೆ. ಇಲಿಯಾದರೆ ಎರಡು ಬಗೆಯ ಸದ್ದು ಮಾಡುವುದಿಲ್ಲ; ನಲ್ಲಿಯಾದರೆ ‘ಟಿಣ್’ ಅನ್ನುವುದಿಲ್ಲ; ಕಳ್ಳನಾದರೆ ಇಷ್ಟು ನಿಧಾನ ಮಾಡುವುದಿಲ್ಲ. ಹೀಗೆ ಒಂದೊಂದಾಗಿ ಬಿಡುತ್ತಾ ಬಂದು, ಕೊನೆಗೆ ಪಕ್ಕಕ್ಕೆ ಕೈ ಚಾಚಿದರೆ ಇವರು ಹಾಸಿಗೆಯಲ್ಲಿಲ್ಲ. ಆಗ ನಿಜವಾಗಿ ಹೆದರಿಕೆಯಾಯಿತು. ಕಳ್ಳ ಏನು ಮಾಡುತ್ತಾನೆಂದು ಊಹಿಸಬಹುದು. ಇವರು ಏನು ಮಾಡುತ್ತಾರೆಂದು ಮದುವೆಯಾಗಿ ಹತ್ತೊಂಬತ್ತು ವರ್ಷವಾದರೂ ನನಗೆ ಊಹಿಸಲಾಗಿಲ್ಲ.

ಅಡುಗೆಮನೆಯಲ್ಲಿ ಇವರು ಬಗ್ಗಿ ನಿಂತು, ಎಡಗಿವಿಯನ್ನು ಕಲ್ಲಿನ ಕಟ್ಟೆಗೆ ಒತ್ತಿ, ಎರಡಂಗುಲ ಎತ್ತರದಿಂದ ಒಂದು ಸರವನ್ನು ಕೆಳಗೆ ಬಿಡುತ್ತಿದ್ದರು.

“ಉಸಿರಾಡಬೇಡ,” ಅಂದರು.

“ಯಾಕ್ರೀ?”

“ನಾದ ಸರಿಯಾಗಿ ಕೇಳಿಸ್ತಿಲ್ಲ.”

ಇವರು ತೂಕ ಮತ್ತು ಅಳತೆ ಇಲಾಖೆಯಲ್ಲಿದ್ದಾರೆ. ಅಂಗಡಿಗಳ ತಕ್ಕಡಿ ಸರಿಯಿದೆಯೇ ಎಂದು ಪರೀಕ್ಷಿಸಿ, ಸರಿಯಿದ್ದರೆ ಅದಕ್ಕೆ ಸಣ್ಣ ತಂತಿ ಸುತ್ತಿ, ತಂತಿಯ ತುದಿಗೆ ಸೀಸದ ಗುಂಡು ಸಿಕ್ಕಿಸಿ, ಇಕ್ಕಳದಿಂದ ಅದುಮಿ ಮುದ್ರೆ ಹಾಕುವುದು ಇವರ ಕೆಲಸ. ಇಪ್ಪತ್ತೆರಡು ವರ್ಷದಿಂದ ಮಾಡುತ್ತಿದ್ದಾರೆ. ಇವರು ಹಾಕಿದ ಮುದ್ರೆಯನ್ನು ಕತ್ತರಿಸದೆ ಯಾರೂ ಬಿಚ್ಚಿದ್ದಿಲ್ಲ. ಚಿನ್ನದಂಗಡಿಗಳ ತಕ್ಕಡಿಯೂ ಇವರ ಪಾಲಿಗೆ ಬರುತ್ತದೆ. ಅಲ್ಲಿ ಇವರಿಗೆ ಗಾಜಿನ ಲೋಟದಲ್ಲಿ ಚಹಾ ಕೊಡುತ್ತಾರೆ. ಗಾಜಿನ ಲೋಟದ ಚಹಾ ಕುಡಿದು ಕುಡಿದು ಇವರಿಗೆ ತಾವು ಒಡವೆಯ ವಿಷಯ ಬಲ್ಲವರು ಎಂಬ ಭಾವನೆ ಬಂದಿತ್ತು. ನಿಜ ಹೇಳಬೇಕೆಂದರೆ ಇವರು ನೋಡುವುದು ತಕ್ಕಡಿಯ ಮುಳ್ಳನ್ನು. ತಟ್ಟೆಯಲ್ಲಿರುವುದು ಚಿನ್ನವೋ ಆಲೂಗಡ್ಡೆಯೋ, ಮುಳ್ಳಿಗೂ ಬೇಕಿಲ್ಲ, ಇವರಿಗೂ ಬೇಕಿಲ್ಲ.

ಆದರೆ ನೆಂಟರ ನಡುವೆ ಕೂತಾಗ ಮಾತು ಬೇರೆ. “ಆ ದೊಡ್ಡ ಅಂಗಡಿಯವರು ಹೊಸ ಮಾಲು ಬಂದ್ರೆ ಮೊದ್ಲು ನಂಗೇ ತೋರಿಸ್ತಾರೆ,” ಅನ್ನುತ್ತಿದ್ದರು. ನಾನು ಪಕ್ಕದಲ್ಲಿ ಕೂತು ಸೆರಗೋ ಚೀಲದ ದಾರವೋ ಏನಾದರೂ ಹಿಂಡುತ್ತಿದ್ದೆ.

ಹಿಂಡಿದ್ದು ಸಾಲಲಿಲ್ಲ. ಆ ದಿನ ಸಂಜೆ ಇವರ ಅಕ್ಕ, ಅಂದರೆ ನನ್ನ ಅತ್ತಿಗೆ, ಒಂದು ಬಿಸ್ಕತ್ತಿನ ಡಬ್ಬಿ ಹಿಡಿದುಕೊಂಡು ಬಂದಿದ್ದರು. ಬಾಗಿಲು ಹಾಕಿಸಿ, ಕಿಟಕಿಯ ಪರದೆ ಎಳೆಸಿ, ಡಬ್ಬಿ ತೆಗೆದರು. ಒಳಗೆ ಎರಡು ಸರ. ಎರಡರಲ್ಲೂ ಎಲೆ ಎಲೆಯಂಥ ಕೊಂಡಿಗಳು, ಎಲೆಯ ನಡುವೆ ಒಂದೊಂದು ಸಣ್ಣ ಕೆಂಪು ಕಲ್ಲು. ನೋಡಲು ಅವಳಿ ಮಕ್ಕಳ ಹಾಗೆ.

“ಒಂದು ಅಮ್ಮಂದು,” ಅಂದರು ಅತ್ತಿಗೆ. “ಇನ್ನೊಂದು ಅಮ್ಮ ಪ್ರಯಾಣಕ್ಕೆ ಹೋಗೋವಾಗ ಹಾಕ್ಕೊಳ್ಳೋಕೆ ಅಂತ ಮಾಡಿಸಿದ ನಕಲಿ. ರೈಲಲ್ಲಿ ಯಾರಾದ್ರೂ ಕಿತ್ಕೊಂಡ್ರೆ ಹೋಗ್ಲಿ ಅಂತ. ಅಮ್ಮ ಇರೋವರೆಗೂ ಕೆಂಪು ಪೆಟ್ಟಿಗೇಲಿ ಅದು, ನೀಲಿ ಪೆಟ್ಟಿಗೇಲಿ ಇದು ಇತ್ತು. ಮನೆ ಬದಲಾಯಿಸೋವಾಗ ಪೆಟ್ಟಿಗೆ ಎರಡೂ ಮುರ್ದು, ನಾನೇ ಎರಡನ್ನೂ ಇದ್ರಲ್ಲಿ ಹಾಕ್ಬಿಟ್ಟೆ.”

“ಹಾಕ್ದಾಗ ಗುರುತು ಇಟ್ಕೊಳ್ಳಲಿಲ್ವಾ ಅಕ್ಕಾ?”

“ಇಟ್ಕೊಂಡಿದ್ರೆ ನಿನ್ನ ಹತ್ರ ಯಾಕೋ ಬರ್ತಿದ್ದೆ?”

ವಿಷಯ ಇಷ್ಟು. ಅತ್ತಿಗೆಯ ಮಗಳಿಗೆ ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಮೊದಲ ಕೆಲಸ ಸಿಕ್ಕಿತ್ತು. ಅಜ್ಜಿಯ ಸರ ಅವಳಿಗೆ ಎಂದು ನಮ್ಮ ಅತ್ತೆ ಸಾಯುವ ಮುಂಚೆ ಹೇಳಿ ಹೋಗಿದ್ದರು. ಇನ್ನೊಂದು ಸರವನ್ನು ನಮ್ಮ ಮಹಡಿ ಮೇಡಂಗೆ ಕೊಡುವುದೆಂದು ಅತ್ತಿಗೆ ಯಾವಾಗಲೋ ಒಪ್ಪಿಕೊಂಡಿದ್ದರು. ಮಹಡಿ ಮೇಡಂ ಎಂದರೆ ನಮ್ಮ ಮನೆಯ ಒಡತಿ, ಮೇಲಿನ ಮಹಡಿಯಲ್ಲಿರುವವರು, ಮೂವತ್ತು ವರ್ಷ ಶಾಲೆಯ ಮುಖ್ಯೋಪಾಧ್ಯಾಯಿನಿಯಾಗಿದ್ದು ನಿವೃತ್ತರಾದವರು. ಈಗ ಮಹಿಳಾ ಸಂಘದ ನಾಟಕದಲ್ಲಿ ರಾಜನ ಪಾರ್ಟು ಮಾಡುತ್ತಾರೆ. ಭಾನುವಾರ ಸಂಜೆ ಮೊದಲ ಪ್ರದರ್ಶನ. ಅದು ಮುಗಿದ ರಾತ್ರಿಯೇ ವೇಷಭೂಷಣದ ಟ್ರಂಕು ವ್ಯಾನಿನಲ್ಲಿ ಹೊರಟು ಒಂದು ತಿಂಗಳು ಊರೂರು ಸುತ್ತುತ್ತದೆ.

“ಅಂಗಡಿಗೆ ತಗೊಂಡು ಹೋದ್ರೆ ಒಂದು ನಿಮಿಷದಲ್ಲಿ ಹೇಳ್ತಾರಲ್ವಾ ಅತ್ತಿಗೆ?” ಎಂದು ನಾನು ಕೇಳಿದೆ.

“ಹೆತ್ತ ತಾಯಿ ಸರ ಮಗಳಿಗೇ ಗುರುತು ಸಿಕ್ಕಿಲ್ಲ ಅಂತ ಅಂಗಡಿಯವನ ಮುಂದೆ ಹೇಳ್ಕೊಳ್ಲಾ? ಮನೇಲೇ ಇಂಥ ತಮ್ಮ ಇರೋವಾಗ?”

ಇವರು ಎದೆ ಉಬ್ಬಿಸಿ ಕೂತಿದ್ದರು. “ನನಗೆ ಗೊತ್ತಿಲ್ಲ ಅಕ್ಕಾ” ಎಂದು ಹೇಳಲು ಮೂರು ಪದ ಸಾಕು. ಆ ಮೂರು ಪದಕ್ಕೆ ಬದಲು ಇವರು, “ಬಿಟ್ಟು ಹೋಗಕ್ಕಾ, ನೋಡ್ತೀನಿ,” ಅಂದರು. ಅದೂ ಮೂರೇ ಪದ. ನಮ್ಮ ಕಷ್ಟವೆಲ್ಲ ಶುರುವಾದದ್ದು ಅಲ್ಲಿಂದ.

ಹೀಗಾಗಿ ನಡುರಾತ್ರಿಯ ಟಿಣ್ ಟಪ್.

ಪರೀಕ್ಷೆ ಮೂರು ಹಂತದ್ದು. ಮೊದಲನೆಯದು ತೂಕ. ಇವರ ಬಳಿ ಮನೆಯಲ್ಲೇ ಒಂದು ಸಣ್ಣ ತಕ್ಕಡಿ ಇದೆ, ಅದಕ್ಕೊಂದು ಮರದ ಪೆಟ್ಟಿಗೆ. ಒಂದು ಸರ ನಲವತ್ತೊಂದು ಗ್ರಾಂ ತೂಗಿತು, ಇನ್ನೊಂದು ಇಪ್ಪತ್ತೊಂಬತ್ತು. “ಚಿನ್ನ ಭಾರದ ಲೋಹ. ಇದು ವಿಜ್ಞಾನ. ಇದರ ಮೇಲೆ ಮಾತಿಲ್ಲ,” ಅಂದರು. ಎರಡನೆಯದು ನಾದ. ಭಾರದ್ದು ಟಿಣ್ ಎಂದಿತು, ಹಗುರದ್ದು ಟಪ್. ಮೂರನೆಯದು ಹೊಳಪು. ಭಾರದ್ದು ಬಲ್ಬಿನ ಕೆಳಗೆ ಕಣ್ಣು ಕುಕ್ಕುತ್ತಿತ್ತು. ಹಗುರದ್ದು ಹಳೆಯ ಬೆಲ್ಲದ ಬಣ್ಣಕ್ಕೆ ತಿರುಗಿತ್ತು. ಮೂರಕ್ಕೆ ಮೂರು. ಇವರು ಗೆದ್ದವರ ಹಾಗೆ ನೀರು ಕುಡಿದರು.

ನಾನು ಹಗುರದ್ದನ್ನು ಸುಮ್ಮನೆ ಕೈಯಲ್ಲಿ ತಿರುಗಿಸಿದೆ. ಎಲೆಯ ಹಿಂಬದಿಯಲ್ಲೂ ನರಗಳಿದ್ದವು. ಕೂದಲಿನಷ್ಟು ತೆಳ್ಳಗೆ, ನಡುವಿನಿಂದ ಅಂಚಿಗೆ ಹರಿದ ನರಗಳು. ಕೆಂಪು ಕಲ್ಲಿನ ಹಿಂದೆ ತೂತು ಬಿಟ್ಟಿದ್ದರು; ಬಲ್ಬಿಗೆ ಹಿಡಿದರೆ ಬೆಳಕು ಹಾದು ನನ್ನ ಅಂಗೈ ಮೇಲೆ ಕೆಂಪು ಚುಕ್ಕಿ ಬಿತ್ತು. ಭಾರದ್ದನ್ನು ತಿರುಗಿಸಿದೆ. ಹಿಂಬದಿ ಸಪಾಟಾಗಿತ್ತು, ಅಲ್ಲಲ್ಲಿ ಸಿಡುಬಿನ ಕಲೆಯಂಥ ಗುಳಿಗಳು. ಒಂದು ಕಲ್ಲಿನ ಅಂಚಿನಲ್ಲಿ ಒಣಗಿದ ಅಂಟು ದಾರದ ಹಾಗೆ ನೇತಾಡುತ್ತಿತ್ತು.

“ರೀ, ಹಿಂದಗಡೆ ನೋಡಿದ್ರಾ?”

“ಹಿಂದಗಡೆ ಯಾರು ನೋಡ್ತಾರೆ?” ಅಂದರು ಇವರು. “ಕತ್ತಿನ ಕಡೆ ಇರತ್ತೆ ಅದು.”

ಆಮೇಲೆ ಕೂತು ಬರೆದರು. ‘ಪರೀಕ್ಷಿಸಿ ನೋಡಲಾಗಿ, ತೂಕ, ನಾದ ಹಾಗೂ ಹೊಳಪಿನ ಆಧಾರದ ಮೇಲೆ, ಸದರಿ ಸರವು ಅಸಲು ಎಂದು ಕಂಡುಬಂದಿರುತ್ತದೆ.’ ಚೀಟಿಯನ್ನು ಭಾರದ ಸರದ ಕೊಂಡಿಗೆ ತಂತಿಯಿಂದ ಕಟ್ಟಿ, ಮನೆಯಲ್ಲಿದ್ದ ಹಳೆಯ ಇಕ್ಕಳದಿಂದ ಸೀಸದ ಗುಂಡು ಅದುಮಿದರು. ಹಗುರದ್ದಕ್ಕೂ ಒಂದು ಚೀಟಿ, ಒಂದು ಮುದ್ರೆ: ನಕಲು. ಇನ್ನು ಯಾರೂ ಬೆರೆಸುವ ಹಾಗಿಲ್ಲ. ತಪ್ಪನ್ನು ಇಷ್ಟು ಭದ್ರವಾಗಿ ಮಾಡಿದವರನ್ನು ನಾನು ನೋಡಿಲ್ಲ.

ಮರುದಿನ ಅತ್ತಿಗೆ ಬಂದು ಅಸಲು ಎಂದಿದ್ದನ್ನು ತೆಗೆದುಕೊಂಡರು. ಕನ್ನಡಿಯ ಮುಂದೆ ಒಂದು ಕ್ಷಣ ಕತ್ತಿಗೆ ಹಾಕಿಕೊಂಡು ನೋಡಿ, ತೆಗೆದು, ಚೀಟಿಯನ್ನು ಎರಡು ಸಲ ಓದಿದರು.

“ಏನಕ್ಕಾ, ಹೇಗಿದೆ?” ಎಂದು ಇವರು ಕೈ ಹಿಂದೆ ಕಟ್ಟಿ ಕೇಳಿದರು.

“ಚೆನ್ನಾಗಿ ಬರ್ದಿದ್ದೀಯ,” ಅಂದರು ಅತ್ತಿಗೆ.

ಅಷ್ಟರಲ್ಲಿ ಮೆಟ್ಟಿಲು ಇಳಿದು ಬಂದ ಮಹಡಿ ಮೇಡಂ, ನಕಲು ಎಂದಿದ್ದನ್ನು ಎತ್ತಿಕೊಂಡು, “ಸ್ವಲ್ಪ ಮಂಕಾಗಿದೆ. ಪರವಾಗಿಲ್ಲ, ರಾಜನೂ ವಯಸ್ಸಾದವನೇ,” ಎಂದು ಹೊರಟೇ ಹೋದರು. ಅತ್ತಿಗೆ ಆ ಕಡೆ ಕೈ ಚಾಚಿದ ಹಾಗೆ ನನಗೆ ಕಂಡಿತು. ವಿದಾಯ ಹೇಳುತ್ತಿದ್ದಾರೆ ಎಂದುಕೊಂಡೆ.

ಸೀಸದ ಮುದ್ರೆಯ ಸುದ್ದಿ ಬೀದಿಗೆಲ್ಲ ಹರಡಿತು. ಮೇಡಂ ಸುದ್ದಿಯನ್ನು ತರಗತಿಗೆ ಪಾಠ ಹೇಳಿದ ಹಾಗೆ ಹೇಳುತ್ತಾರೆ, ಒಂದೇ ಸಲಕ್ಕೆ ಎಲ್ಲರಿಗೂ ಬಾಯಿಪಾಠವಾಗುತ್ತದೆ. ಶನಿವಾರ ಬೆಳಿಗ್ಗೆ ನಮ್ಮ ಬಾಗಿಲಲ್ಲಿ ಏಳು ಜನ ನಿಂತಿದ್ದರು. ಔಷಧಿ ಅಂಗಡಿಯವನು ಹೆಂಡತಿಯ ಬಳೆ ತಂದಿದ್ದ. ದರ್ಜಿಯಾಕೆ ಉಂಗುರ ತಂದಿದ್ದಳು. ಇವರ ಆಫೀಸಿನ ಸಾಹೇಬರೇ, ವಾಕಿಂಗಿಗೆ ಬಂದವರ ಹಾಗೆ ನಟಿಸುತ್ತಾ, ಜೇಬಿನಿಂದ ಓಲೆ ತೆಗೆದರು.

ಇವರಿಗೆ ಯಾರ ಮನಸ್ಸನ್ನೂ ನೋಯಿಸಲು ಬರುವುದಿಲ್ಲ. ಮುಖದಲ್ಲಿ ಆಸೆ ಕಂಡರೆ ಅಸಲಿ ಅಂದುಬಿಡುತ್ತಾರೆ. ಮಧ್ಯಾಹ್ನದೊಳಗೆ ಬೀದಿಯಲ್ಲಿದ್ದ ಹಿತ್ತಾಳೆಯೆಲ್ಲ ಚಿನ್ನವಾಯಿತು.

“ಇದನ್ನ ನಾನು ಜಾತ್ರೆ ಅಂಗಡೀಲಿ, ಪ್ಲಾಸ್ಟಿಕ್ ಬಾಚಣಿಗೆ ಜೊತೆಗೆ ಪುಕ್ಕಟೆ ಬಂತು ಅಂತ ತಗೊಂಡಿದ್ದು ಸಾರ್,” ಅಂದಳು ದರ್ಜಿಯಾಕೆ.

ಇವರು ಭೂತಗನ್ನಡಿ ಇಳಿಸಲಿಲ್ಲ. “ಅವನಿಗೆ ಅದರ ಬೆಲೆ ಗೊತ್ತಿರಲಿಲ್ಲ.”

ಆಕೆ ಉಂಗುರವನ್ನು ಕಣ್ಣಿಗೊತ್ತಿಕೊಂಡು ಹೋದಳು. ಸಾಹೇಬರು ಮಾತ್ರ ಓಲೆಯನ್ನು ಜೇಬಿಗೆ ಹಾಕಿಕೊಳ್ಳುತ್ತಾ, “ಇಷ್ಟು ದಿನ ಆಫೀಸಲ್ಲಿ ಈ ಪ್ರತಿಭೆ ಎಲ್ಲಿ ಬಚ್ಚಿಟ್ಟಿದ್ರಿ?” ಎಂದರು. ಇವರು ನಾಚಿಕೊಂಡರು.

ನನಗೆ ಮಾತ್ರ ಊಟ ಸೇರಲಿಲ್ಲ. ಕಣ್ಣು ಮುಚ್ಚಿದರೆ ಆ ಎಲೆಯ ಹಿಂಬದಿಯ ನರಗಳು. ಕಾಣದ ಕಡೆಗೆ ಯಾರಾದರೂ ಯಾಕೆ ಅಷ್ಟು ಕಷ್ಟಪಡುತ್ತಾರೆ? ಸಂಜೆ ನನ್ನ ಕಿವಿಯೋಲೆಯ ತಿರುಪು ಸಡಿಲವಾಗಿದೆ ಎಂದು ನೆಪ ಹೇಳಿ, ಸಂತೆಬೀದಿಯ ಹಿಂದಿನ ಓಣಿಯ ಅಕ್ಕಸಾಲಿ ಅಜ್ಜನ ಬಳಿಗೆ ಹೋದೆ.

ಅಜ್ಜನ ಅಂಗಡಿಯೆಂದರೆ ಒಂದು ಮಣೆ, ಒಂದು ದೀಪ, ಒಂದು ಊದುಕೊಳವೆ. ತೊಡೆಯ ಮೇಲೆ ಚರ್ಮದ ಹಾಸು, ಬಿದ್ದ ಚಿನ್ನದ ಪುಡಿ ಕಳೆದುಹೋಗದ ಹಾಗೆ. ತಿರುಪು ಸರಿಮಾಡಲು ಅರ್ಧ ನಿಮಿಷ ಹಿಡಿಯಿತು. ನಾನು ಎದ್ದೇಳಲಿಲ್ಲ.

“ಅಜ್ಜಾ, ಒಳ್ಳೇ ಒಡವೆ ಯಾವುದು, ತೋರಿಕೆದು ಯಾವುದು ಅಂತ ಹೇಗೆ ಗೊತ್ತಾಗತ್ತೆ?”

ಅಜ್ಜ ಕನ್ನಡಕವನ್ನು ಹಣೆಗೆ ಏರಿಸಿ ನನ್ನನ್ನು ನೋಡಿದರು. “ನಲವತ್ತು ವರ್ಷದಲ್ಲಿ ಎಷ್ಟು ಬಾಳತ್ತೆ ಅಂತ ಕೇಳ್ದೋರೇ ಎಲ್ಲ. ಇದನ್ನ ಕೇಳ್ದೋಳು ನೀನೊಬ್ಳೇ ಕಣಮ್ಮ. ಬಾ ಈ ಕಡೆ.”

ಮಣೆಯ ಮೇಲೆ ಎರಡು ಪದಕ ಇಟ್ಟರು. “ಮೊದ್ಲು ಮುಂದೆ ನೋಡ್ಬೇಡ. ಮುಂದಗಡೆ ಎಲ್ಲಾರೂ ಸುಳ್ಳು ಹೇಳಬಹುದು. ತಿರುಗಿಸು. ಇದ್ರಲ್ಲಿ ಕಲ್ಲು ಹೇಗೆ ಕೂತಿದೆ? ಅಂಟಲ್ಲಿ. ಎರಡು ಬೇಸಿಗೆ ಬಂದ್ರೆ ಉದುರತ್ತೆ. ಇದ್ರಲ್ಲಿ ನೋಡು, ನಾಲ್ಕು ಉಗುರು. ಒಂದೊಂದು ಉಗುರನ್ನೂ ಕೈಯಲ್ಲೇ ಬಗ್ಗಿಸಿ ಕಲ್ಲು ಹಿಡಿಸಿರೋದು. ಹಿಂದೆ ತೂತು ಬಿಟ್ಟಿದಾರೆ, ಕಲ್ಲು ನಿಜದ್ದು, ಬೆಳಕಿಗೆ ಹೆದರಲ್ಲ ಅಂತ. ಗಾಜಾದ್ರೆ ಹಿಂದೆ ತಗಡು ಮುಚ್ಚಿ ಹೊಳೆಯೋ ಹಾಗೆ ಮಾಡ್ತಾರೆ.”

“ಮೇಲಿನ ಹೊಳಪು?”

“ಹೊಳಪು ಮೈಮೇಲೆ ಬಳ್ದಿದ್ದಾದ್ರೆ ಉಜ್ಜಿದ ಕಡೆ ಕೆಳಗಿನ ಹಿತ್ತಾಳೆ ಇಣುಕತ್ತೆ. ಬೆವರು ತಗುಲಿದ್ರೆ ಚರ್ಮ ಹಸಿರಾಗತ್ತೆ. ಒಳಗೂ ಹೊರಗೂ ಒಂದೇ ಆದ್ರೆ ಸವೆದಷ್ಟೂ ಅದೇ ಬಣ್ಣ.” ಅಜ್ಜ ಕೊಂಡಿಯನ್ನು ತೆಗೆದು ಹಾಕಿ ತೋರಿಸಿದರು. ಸದ್ದೇ ಇಲ್ಲದೆ ಕೂತಿತು. “ಇನ್ನೊಂದು ಹೇಳ್ತೀನಿ. ಮುರಿದ್ರೆ ರಿಪೇರಿ ಆಗತ್ತಾ ಅಂತ ಕೇಳು. ತೋರಿಕೆದು ಬೆಂಕಿಗೆ ಹಿಡಿದ್ರೆ ಕರಗಿ ಹೋಗತ್ತೆ. ಒಳ್ಳೇದು ನೂರು ವರ್ಷ ಆದ್ಮೇಲೂ ಬೆಂಕಿಗೆ ಕೂತು ಸರಿಯಾಗಿ ಎದ್ದು ಬರತ್ತೆ.”

ನಾನು ಧೈರ್ಯ ಮಾಡಿ ಕೇಳಿದೆ. “ತೂಕ, ಅಜ್ಜಾ? ಭಾರ ಇರೋದೇ ಅಸಲಿ ಅಲ್ವಾ?”

ಅಜ್ಜ ನಕ್ಕರು. “ಅಚ್ಚಲ್ಲಿ ಹಿತ್ತಾಳೆ ಸುರಿದ್ರೆ ಭಾರ ಬರತ್ತೆ, ಅದಕ್ಕೇನು ಕೈ ಬೇಕು? ಚಿನ್ನದ ತಗಡನ್ನ ಉಸಿರಿನಷ್ಟು ತೆಳ್ಳಗೆ ಬಡಿದು, ಒಳಗೆ ಟೊಳ್ಳು ಬಿಟ್ಟು, ಬಗ್ಗದ ಹಾಗೆ ನಿಲ್ಲಿಸೋದು ಇದ್ಯಲ್ಲಮ್ಮ, ಅದು ಕೆಲಸ. ಹಗುರ ಮಾಡೋದೇ ಕಷ್ಟ.”

ಇದ್ದದ್ದನ್ನೆಲ್ಲ ಹೇಳಿಬಿಟ್ಟೆ: ಬಿಸ್ಕತ್ತಿನ ಡಬ್ಬಿ, ತಕ್ಕಡಿ, ಟಿಣ್, ಟಪ್, ಸೀಸ. ಅಜ್ಜ ಪೂರ್ತಿ ಕೇಳಿ, “ನೋಡ್ದೆ ನಾನು ಹೇಳಲ್ಲ,” ಅಂದರು. ಆಮೇಲೆ, “ಎಲೆ ಹಿಂದೆ ನರ ಇದೆ ಅಂದ್ಯಾ? ನಾಟಕ ಎಷ್ಟು ಗಂಟೆಗೆ?” ಎಂದರು.

ಮನೆಗೆ ಬಂದು ಇವರಿಗೆ ಎಲ್ಲ ಹೇಳಿದೆ. ಇವರು ತಕ್ಕಡಿಯನ್ನು ಮರದ ಪೆಟ್ಟಿಗೆಯಲ್ಲಿಟ್ಟು ಮುಚ್ಚಿದರು. “ಅಮ್ಮ ಅದನ್ನ ಹಾಕ್ಕೊಂಡು ನನ್ನ ಸ್ಕೂಲಿಗೆ ಬರ್ತಿದ್ರು,” ಅಂದರು. “ಮುಳ್ಳು ನೋಡಿದೆ ಕಣೇ. ಸರ ನೋಡ್ಲೇ ಇಲ್ಲ.” ಆಮೇಲೆ, “ಅಕ್ಕನಿಗೆ ಗೊತ್ತಾಗಬಾರದು. ನನ್ನ ಮುದ್ರೆ ನಂಬಿದಾಳೆ ಅವಳು,” ಅಂದರು.

ಭಾನುವಾರ ಬೆಳಿಗ್ಗೆ ಮಹಡಿ ಹತ್ತಿದರು. ನಾನು ಮೆಟ್ಟಿಲ ಮೇಲೆ ನಿಂತು ಕೇಳಿದೆ.

“ಮೇಡಂ, ಆ ಸರ ಸ್ವಲ್ಪ ವಾಪಸ್ ಬೇಕಿತ್ತು. ಮರುಪರಿಶೀಲನೆಗೆ.”

“ನಾಟಕದ ದಿನ ಬಂದು ರಾಜನ ಹತ್ರ ಹಾರ ವಾಪಸ್ ಕೇಳ್ತೀರಾ? ಟ್ರಂಕು ಆಗ್ಲೇ ಸಭಾಂಗಣಕ್ಕೆ ಹೋಯ್ತು. ನಿಮ್ಮ ಮುದ್ರೆ ನೀವೇ ಹಾಕಿದ್ದಲ್ವಾ?”

“ಹೌದು ಮೇಡಂ.”

“ತಪ್ಪಾಗಿದ್ಯಾ?”

ಮೇಡಂ ಮುಂದೆ ತಪ್ಪು ಒಪ್ಪಿಕೊಂಡರೆ ಸಂಜೆಯೊಳಗೆ ಅದು ಬೀದಿಯ ಬಾಯಿಪಾಠ. “ಇಲ್ಲ ಮೇಡಂ. ಇದು ನಿಯಮ.”

“ನಿಯಮ ನಾಳೆ. ಇವತ್ತು ಮೂರನೇ ಅಂಕದಲ್ಲಿ ಯುದ್ಧ ಗೆದ್ದ ಸುದ್ದಿ ತಂದ ದೂತನಿಗೆ ನಾನು ಹಾರ ಕಿತ್ತು ಎಸೀತೀನಿ. ನೆಲಕ್ಕೆ ಬಿದ್ದ ಸದ್ದು ಕೊನೇ ಸಾಲಿಗೆ ಕೇಳಬೇಕು. ಅಭ್ಯಾಸದಲ್ಲಿ ಕಬ್ಬಿಣದ ಸರಪಳಿ ಎಸ್ದು ಹಲಗೆ ಸೀಳಿದ್ದೀನಿ.”

ಇವರು ಕೆಳಗೆ ಬಂದಾಗ ಮುಖ ಸುಣ್ಣ ಬಳಿದ ಹಾಗಿತ್ತು. ಉಸಿರಿನಷ್ಟು ತೆಳುವಾದ ತಗಡು. ಹಲಗೆ ಸೀಳುವ ತೋಳು.

ಸಂಜೆ ಸಭಾಂಗಣ ತುಂಬಿತ್ತು. ಬೀದಿಯವರೆಲ್ಲ ತಮ್ಮ ತಮ್ಮ ಹೊಸ ಅಸಲಿಗಳನ್ನು ಧರಿಸಿ ಬಂದಿದ್ದರು. ಅಜ್ಜ ಒಗೆದ ಅಂಗಿ ತೊಟ್ಟು, ಕೈಚೀಲದಲ್ಲಿ ಇಕ್ಕಳ ಇಟ್ಟುಕೊಂಡು ನನ್ನ ಪಕ್ಕ ಕೂತರು. ಎರಡು ಸಾಲು ಮುಂದೆ ಅತ್ತಿಗೆ, ಪಕ್ಕದಲ್ಲಿ ಮಗಳು. ಅವಳ ಕತ್ತಿನಲ್ಲಿ ಭಾರದ ಸರ, ಬೆನ್ನಿನ ಮೇಲೆ ಇವರ ಚೀಟಿ.

“ಅತ್ತೇ, ತುರಿಸ್ತಿದೆ,” ಅಂದಳು ಹುಡುಗಿ ತಿರುಗಿ. “ಅಮ್ಮ ಚೀಟಿನೂ ಕೀಳಬೇಡ ಅಂತಾರೆ.”

“ಮಾವ ಹಾಕಿದ ಮುದ್ರೆ. ಇರ್ಲಿ,” ಅಂದರು ಅತ್ತಿಗೆ, ವೇದಿಕೆಯಿಂದ ಕಣ್ಣು ತೆಗೆಯದೆ.

ಮೂರನೇ ಅಂಕ ಬಂತು. ದಪ್ಪ ಮೀಸೆ ಅಂಟಿಸಿಕೊಂಡ ಮೇಡಂ ಸಿಂಹಾಸನದಿಂದ ಎದ್ದರು. ದೂತನ ಪಾರ್ಟಿನ ಅಂಚೆ ಕಚೇರಿಯಾಕೆ ಮಂಡಿಯೂರಿ, “ಗೆದ್ದೆವು ಪ್ರಭೂ,” ಅಂದಳು. ಮೇಡಂ ಕತ್ತಿಗೆ ಕೈ ಹಾಕಿ, ಸರ ಕಿತ್ತು, ತೋಳನ್ನು ಹಿಂದಕ್ಕೆ ಒಯ್ದರು.

ಆಗ ನಮ್ಮ ಸಾಲಿನಿಂದ ಯಾರೋ ಓಡಿದರು. ಅದು ಇವರು ಎಂದು ನನಗೆ ಅರ್ಥವಾಗುವಷ್ಟರಲ್ಲಿ ಇವರು ವೇದಿಕೆಯ ಮೆಟ್ಟಿಲಲ್ಲಿದ್ದರು. ಯಾವುದೋ ಮೊಳೆಗೆ ಅಂಗಿಯ ಬೆನ್ನು ಸಿಕ್ಕಿ ಪರ್ ಎಂದಿತು. ನಿಲ್ಲಲಿಲ್ಲ. ಹೋಗಿ ಅಂಚೆಯಾಕೆಯ ಮುಂದೆ ಮಂಡಿಯೂರಿ, ಎರಡೂ ಕೈ ಬೊಗಸೆ ಮಾಡಿ ಚಾಚಿದರು.

“ಎಸೀಬೇಡಿ ಪ್ರಭು. ಕೈಗೆ ಕೊಡಿ.”

ಮೂವತ್ತು ವರ್ಷ ತರಗತಿಯಲ್ಲಿ ಅಪ್ಪಣೆಯಿಲ್ಲದೆ ಎದ್ದವರನ್ನು ಸಹಿಸದಿದ್ದ ಮೇಡಂ, ತೋಳು ಮೇಲಿಟ್ಟುಕೊಂಡೇ ಕೇಳಿದರು:

“ಯಾರು ನೀನು?”

“ತೂಕದ ಇಲಾಖೆಯವನು, ಪ್ರಭು.”

ಮೊದಲು ನಕ್ಕವರು ಇವರ ಸಾಹೇಬರು. ಆಮೇಲೆ ಸಭಾಂಗಣದ ಮಾಡು ಹಾರುವ ಹಾಗೆ ಎಲ್ಲರೂ ನಕ್ಕರು. ಮೇಡಂಗೆ ಚಪ್ಪಾಳೆಯ ಮರ್ಮ ಗೊತ್ತು. ಮೀಸೆ ನೀವಿ, “ನಮ್ಮ ರಾಜ್ಯದಲ್ಲಿ ಪ್ರಶಸ್ತಿಯನ್ನೂ ತೂಗುವವರಿದ್ದಾರೆ ಅಂತಾಯ್ತು. ಹಿಡಿ,” ಎಂದು ಸರವನ್ನು ಇವರ ಬೊಗಸೆಗೆ ಇಳಿಬಿಟ್ಟರು. ಇವರು ಅದನ್ನು ಹಿಡಿದ ರೀತಿ ನೋಡಬೇಕಿತ್ತು. ಗೂಡಿನಿಂದ ಬಿದ್ದ ಮರಿಯನ್ನು ಎತ್ತಿದವರ ಹಾಗೆ, ಬೆರಳೂ ಮಡಿಸದೆ, ಹಿಂದೆ ಹಿಂದೆ ನಡೆದು ಬಂದರು.

ಆ ಗದ್ದಲದಲ್ಲಿ ನಾನು ಒಂದು ವಿಷಯ ಗಮನಿಸಿದೆ. ಎಲ್ಲರೂ ಕೂತು ನಗುತ್ತಿದ್ದಾಗ ಅತ್ತಿಗೆ ಮಾತ್ರ ಕುರ್ಚಿಯಿಂದ ಅರ್ಧ ಎದ್ದಿದ್ದರು, ಒಂದು ಕಾಲು ಆಗಲೇ ಸಾಲಿನಿಂದ ಹೊರಗಿತ್ತು. ತಮ್ಮನ ಅವತಾರ ನೋಡಲಾರದೆ ಹೊರಟರು ಎಂದುಕೊಂಡೆ. ಆಮೇಲೆ ನಿಧಾನವಾಗಿ ಕೂತರು.

ವಿರಾಮದಲ್ಲಿ ಹೊರಗಿನ ಪಡಸಾಲೆಯ ಟ್ಯೂಬ್‌ಲೈಟಿನ ಕೆಳಗೆ ಅಜ್ಜ ಕಾಯುತ್ತಿದ್ದರು. “ತಂತಿ ಚುಚ್ಚತ್ತೆ, ಬಾ, ತೆಗೆಸ್ತೀನಿ,” ಎಂದು ಹುಡುಗಿಯನ್ನು ಕರೆತಂದೆ. ಅವಳ ಕತ್ತಿನ ಸುತ್ತ ತೆಳುವಾದ ಹಸಿರು ಗೆರೆ ಮೂಡಿತ್ತು. ಅದನ್ನು ತೊಳೆದುಕೊಂಡು ಬಾ ಎಂದು ನಲ್ಲಿಯ ಕಡೆ ಕಳಿಸಿದೆ. ಅಜ್ಜ ಎರಡು ಮುದ್ರೆಗಳನ್ನೂ ಕತ್ತರಿಸಿದರು. ಇವರು ಕಣ್ಣು ಮುಚ್ಚಿಕೊಂಡರು. ಇಪ್ಪತ್ತೆರಡು ವರ್ಷದಲ್ಲಿ ಇವರ ಕಣ್ಣೆದುರು ಮುದ್ರೆ ಒಡೆದದ್ದು ಅದೇ ಮೊದಲು.

ಭಾರದ್ದನ್ನು ಅಜ್ಜ ಒಮ್ಮೆ ತಿರುಗಿಸಿ ಬೆಂಚಿನ ಮೇಲಿಟ್ಟರು. “ಇದೂ ಪಾಪ ಏನೂ ತಪ್ಪು ಮಾಡಿಲ್ಲ. ರೈಲಿಗೆ ಅಂತ ಹುಟ್ಟಿದ್ದು, ರೈಲಿಗೆ ಸರಿ. ಅಸಲಿ ಅಂತ ಚೀಟಿ ಅಂಟಿಸ್ಕೊಂಡು ಅದು ತಾನಾಗೇ ಓಡಾಡ್ಲಿಲ್ಲ.”

ಇವರು ನೆಲ ನೋಡಿದರು.

ಆಮೇಲೆ ಅಜ್ಜ ಹಗುರದ್ದನ್ನು ಕೈಗೆ ತೆಗೆದುಕೊಂಡರು. ಒರೆಗಲ್ಲನ್ನು ಚೀಲದಿಂದ ಅರ್ಧ ತೆಗೆದವರು ಬೇಡವೆಂದು ವಾಪಸ್ ಇಟ್ಟರು. ಎಲೆಗಳನ್ನು ಒಂದೊಂದಾಗಿ ಬೆರಳ ಮೇಲೆ ಮಗುಚುತ್ತಾ ಹೋದರು. ಒಳಗೆ ಗಂಟೆ ಹೊಡೆಯಿತು, ಜನ ಒಳಗೆ ಹೋದರು, ಅಜ್ಜ ನೋಡುತ್ತಲೇ ಇದ್ದರು.

“ಮೂವತ್ತೊಂದು ಎಲೆ,” ಅಂದರು ಕೊನೆಗೆ. “ಒಂದರ ನರದ ಹಾಗೆ ಇನ್ನೊಂದಿಲ್ಲ. ಯಾರೂ ನೋಡಲ್ಲ ಅಂತ ಇದನ್ನ ಮಾಡಿದವನಿಗೂ ಗೊತ್ತಿತ್ತು. ಈ ಕೈಗೆ ನಾನು ಊದುಕೊಳವೆ ಹಿಡಿದು ಕೊಡಕ್ಕೂ ಲಾಯಕ್ಕಿಲ್ಲ.” ತಿರುಪಿನ ಕೆಲಸಕ್ಕೆ ನಾನು ಕೊಡಬೇಕಾದದ್ದನ್ನು ತೆಗೆಯಲು ಹೋದರೆ ಕೈ ಅಡ್ಡ ಹಿಡಿದರು. “ಇನ್ನೊಂದು ಸಲ ಹಿಡ್ಕೊಳ್ಳಕ್ಕೆ ಕೊಡಮ್ಮ, ಸಾಕು.”

ಹುಡುಗಿ ಒದ್ದೆ ಕತ್ತಿನಿಂದ ಬಂದಳು. ನಾನು ಅಜ್ಜಿಯ ಸರವನ್ನು ಅವಳ ಕತ್ತಿಗೆ ಹಾಕಿದೆ. ಕೊಂಡಿ ಸದ್ದಿಲ್ಲದೆ ಕೂತಿತು.

“ಅಬ್ಬ, ಆ ಸೀಸ ಎಷ್ಟು ಭಾರ ಇತ್ತು ಅತ್ತೇ,” ಅಂದಳು.

“ಹೌದಮ್ಮ,” ಅಂದರು ಇವರು. “ಸೀಸ ತುಂಬಾ ಭಾರ.”

ಭಾರದ ಸರವನ್ನು ಇವರೇ ಟ್ರಂಕಿಗೆ ಸೇರಿಸಲು ಮೇಡಂಗೆ ಒಪ್ಪಿಸಿದರು. ಮೇಡಂ ಅಂಗೈಯಲ್ಲಿ ಹಾರಿಸಿ, “ಹೊಳಪು ಬಂದಿದೆಯಲ್ಲ? ಭಾರವೂ ಆದ ಹಾಗಿದೆ,” ಅಂದರು.

“ರಾಜನ ಸರ ಅಲ್ವಾ ಮೇಡಂ. ಭಾರ ಇದ್ರೇನೇ ಲಕ್ಷಣ. ಉಜ್ಜಿಸಿದೆ.”

“ನಿಮ್ಮ ಪ್ರವೇಶ ಸರಿಯಾದ ಹೊತ್ತಿಗಾಯ್ತು. ಮುಂದಿನ ವರ್ಷ ಮಂತ್ರಿ ಪಾರ್ಟು ನಿಮಗೇ. ಮಹಿಳಾ ಸಂಘದ ನಿಯಮ ನಾನು ನೋಡ್ಕೊತೀನಿ.”

ಬೀದಿಯಲ್ಲಿ ಅಂದಿನಿಂದ ಇವರ ಅಭಿನಯದ್ದೇ ಮಾತು. ಒಡವೆಯನ್ನು ಯಾರೂ ತರಲಿಲ್ಲ. ಎಲ್ಲರದ್ದೂ ಅಸಲಿ ಎಂದು ತೀರ್ಮಾನವಾಗಿತ್ತಲ್ಲ, ಇನ್ನೇನು ಕೇಳುವುದು?

ಮರುದಿನ ಬೆಳಿಗ್ಗೆ ನಾನು ಇವರ ಅಂಗಿಯ ಹರಿದ ಬೆನ್ನು ಹೊಲಿಯುತ್ತಿದ್ದಾಗ ಅತ್ತಿಗೆಯ ಫೋನು ಬಂತು.

“ಪಕ್ಕದಲ್ಲಿ ಅವನಿದಾನಾ?”

“ಸ್ನಾನದ ಮನೇಲಿದಾರೆ ಅತ್ತಿಗೆ.”

“ಹಾಗಾದ್ರೆ ಕೇಳು. ಅವತ್ತು ನಿಮ್ಮನೇ ಕನ್ನಡಿ ಮುಂದೆ ಕತ್ತಿಗೆ ಹಾಕ್ದಾಗ್ಲೇ ನಂಗೆ ಗೊತ್ತಾಗಿತ್ತು, ಅದಲ್ಲ ಅಂತ. ಚಿಕ್ಕವಳಿದ್ದಾಗ ಅಮ್ಮನ ಸರ ಹಾಕ್ಕೊಂಡ್ರೆ ಹಾಕ್ಕೊಂಡಿದ್ದೇ ಮರೆತುಹೋಗ್ತಿತ್ತು, ಅಷ್ಟು ಹಗುರ. ಆದ್ರೆ ಅವನು ಕೈ ಹಿಂದೆ ಕಟ್ಟಿ, ಒಳ್ಳೇ ಮಾರ್ಕ್ಸ್ ಬಂದ ಹುಡುಗನ ಹಾಗೆ ನಿಂತಿದ್ದ. ಹೇಗೆ ಹೇಳ್ಲಿ? ನಾಟಕ ಮುಗಿದ ಮೇಲೆ ಮೇಡಂ ಹತ್ರ ಮೆಲ್ಲಗೆ ಬದಲಾಯಿಸ್ಕೊಳ್ಳೋಣ ಅಂತಿದ್ದೆ. ಆಯಮ್ಮ ಎಸೆಯಕ್ಕೆ ಹೊರಟಾಗ ನಾನೇ ವೇದಿಕೆಗೆ ಓಡ್ತಿದ್ದೆ ಕಣೇ. ಅಷ್ಟರಲ್ಲಿ ಇವನು ಓಡಿದ.” ಅತ್ತಿಗೆ ದನಿ ತಗ್ಗಿಸಿದರು. “ನಂಗೆ ಗೊತ್ತಿತ್ತು ಅಂತ ಅವನಿಗೆ ಹೇಳ್ಬೇಡ.”

ಫೋನು ಇಟ್ಟೆ. ಇವರು ಟವೆಲು ಹೊದ್ದು ಬಂದರು.

“ಯಾರು? ಅಕ್ಕನಾ? ಏನಂದ್ಳು? ಅನುಮಾನ ಏನೂ ಬಂದಿಲ್ಲ ತಾನೆ?”

ಅಕ್ಕನಿಗೆ ಹೇಳಬೇಡ ಎಂದು ಇವರು. ಇವರಿಗೆ ಹೇಳಬೇಡ ಎಂದು ಅಕ್ಕ. ನಡುವೆ ಸೂಜಿ ಹಿಡಿದು ನಾನು. ನಾನು ಹೆದರುವವಳು ನಿಜ. ಆದರೆ ಆ ಕ್ಷಣ ನನಗೆ ಹೆದರಿಕೆಯೇ ಆಗಲಿಲ್ಲ.

“ಸರ ಚೆನ್ನಾಗಿದೆ ಅಂದ್ರು,” ಅಂದೆ.

ಇವರು ಸಮಾಧಾನದಿಂದ ಬಂದು ಪಕ್ಕದಲ್ಲಿ ಕೂತರು. ನನ್ನ ಕೈಯಿಂದ ಅಂಗಿ ತೆಗೆದುಕೊಂಡು, ಅದನ್ನು ಮಗುಚಿ, ಒಳಭಾಗದ ಹೊಲಿಗೆಯನ್ನು ಕಣ್ಣಿಗೆ ಹತ್ತಿರ ಹಿಡಿದು, ಒಂದೊಂದೇ ಎಳೆಯನ್ನು ನೋಡತೊಡಗಿದರು.

“ಹಿಂದಗಡೆನೂ ಎಷ್ಟು ಸಣ್ಣಗೆ ಹಾಕಿದ್ದೀಯ,” ಅಂದರು.

“ಕೊಡಿ ಈ ಕಡೆ,” ಅಂದೆ. ಇನ್ನು ನಾಲ್ಕು ಹೊಲಿಗೆ ಉಳಿದಿತ್ತು. ಅದನ್ನೂ ಹಾಕಿ, ದಾರವನ್ನು ಹಲ್ಲಿನಿಂದ ಕತ್ತರಿಸಿ, ಯಾರಿಗೂ ಏನೂ ಹೇಳುವುದಿಲ್ಲ ಎಂದು ನಿರ್ಧರಿಸಿದೆ.